ಒದೆಯುವ ಕಾಲಿನ ನೋವು

ಬಲಗಾಲಿನ ಕಿರುಬೆರಳು ಮಾತ್ರ ನಿದ್ದೆ ಹೋಗಿತ್ತು. ಉಳಿದ ಕಾಲು ಎಚ್ಚರವಾಗಿತ್ತು, ಬೇಕಾದ್ದಕ್ಕಿಂತ ಹೆಚ್ಚಾಗಿಯೇ. ಪಾಠ ಹೇಳಲು ದಿನವೂ ಸುರೇಬಾನದಿಂದ ರಾಮದುರ್ಗಕ್ಕೆ ಹೋಗುವ ಬಸ್ಸಿನಲ್ಲಿ, ಕಿಟಕಿಗೆ ತಲೆಯಾನಿಸಿ ಕುಳಿತಿದ್ದೆ. ಹೊರಗೆ ಜೋಳದ ಹೊಲಗಳು ತೇಲಿಹೋಗುತ್ತಿದ್ದವು. ಒಳಗೆ ನೋವು ಸೊಂಟದ ಕೆಳಗಿನಿಂದ ಹೊರಟು, ತೊಡೆಯ ಹಿಂಬದಿ, ಮೀನಖಂಡ, ಹಿಮ್ಮಡಿ ಎಂದು ಒಂದೊಂದು ಊರಿನಲ್ಲೂ ನಿಂತು ನಿಂತು ಸಾಗುತ್ತಿತ್ತು. ನೋವಿಗೂ ಇಷ್ಟು ಖಚಿತವಾದ ದಾರಿಯಿರುತ್ತದೆಂದು ನನಗೆ ಗೊತ್ತಿರಲಿಲ್ಲ.

ಆ ದಾರಿಯ ಹೆಸರು ಸಯಾಟಿಕ್ ನರ ಎಂದರು ಡಾಕ್ಟರು. ಬೆನ್ನುಮಣಿಗಳ ನಡುವಿನ ಮೆತ್ತೆ ಉಬ್ಬಿ ನರದ ಬೇರನ್ನು ಒತ್ತುತ್ತಿದೆಯಂತೆ. ತಪ್ಪು ಸೊಂಟದ್ದು, ಶಿಕ್ಷೆ ಕಾಲಿಗೆ. "ತಾಸುಗಟ್ಟಲೆ ಕುಂದರತೀರೇನ್ರಿ? ವಜ್ಜಾ ಎತ್ತತೀರಿ? ಸೊಂಟಕ್ಕ ಝಟಕಾ ಬೀಳೂವಂಥಾ ಕೆಲಸ ಏನರ ಮಾಡತೀರೇನು?" ಮೊದಲೆರಡಕ್ಕೆ ಹೂಂ ಎಂದೆ. ಮೂರನೆಯದಕ್ಕೆ ಗೋಡೆಯ ಮೇಲಿದ್ದ ಎಲುಬುಗೂಡಿನ ಚಿತ್ರ ನೋಡಿದೆ.

ಜನರನ್ನು ಒದೆಯುತ್ತೇನೆ ಎಂದು ಹೇಳುವುದು ಹೇಗೆ? ನಾನು ಕಾಲು ಮುಂದಾಗಿ ಹುಟ್ಟಿದವಳು. ಅಂಥವರು ಒದ್ದರೆ ಹಿಡಿದ ಸೊಂಟ ಬಿಡುತ್ತದೆಂದು ನಮ್ಮ ಕಡೆ ನಂಬಿಕೆ. ಚಿಕ್ಕಂದಿನಿಂದ ಓಣಿಯ ಹಿರಿಯರೆಲ್ಲ ನನಗೆ ಬೆನ್ನು ಕೊಟ್ಟು ನಿಂತಿದ್ದಾರೆ. ಎಂ.ಎಸ್ಸಿ. ಮುಗಿಸಿದ ಮೇಲಾದರೂ ಬಿಟ್ಟಾರು ಎಂದುಕೊಂಡಿದ್ದೆ. "ಸಾಲಿ ಕಲತ ಕಾಲು" ಎಂದು ಬೇಡಿಕೆ ಇನ್ನೂ ಏರಿತು.

ಡಾಕ್ಟರನ್ನು ಕಂಡು ಬಂದ ಸಂಜೆಯೇ ಪಕ್ಕದ ಮನೆಯ ಗಂಗವ್ವ ಆಯಿ ಸೊಂಟ ಬಾಗಿಸಿ, ಗೋಡೆ ಹಿಡಿದುಕೊಂಡು ಬಂದಳು. "ನಾಳೆ ಬಸರಿ ಮೊಮ್ಮಗಳ ಕುಬುಸ ಐತಿ. ನಾ ಹಿಂಗ ಡೊಗ್ಗಿ ನಿಂತ್ರ ಉಡಿ ಯಾರು ತುಂಬತಾರ? ಒಂದ ಸಲ ಒದಿ ನನ್ನವ್ವಾ."

ಒದ್ದರೆ ನರ ಹೋಗುತ್ತದೆ. ಒಲ್ಲೆನೆಂದರೆ ಗುಟ್ಟು ಹೋಗುತ್ತದೆ, ಓಣಿಯೆಲ್ಲ ಔಷಧಿ ಹೇಳಲು ಬರುತ್ತದೆ. ಅವ್ವನಿಗೂ ಹೇಳದಿದ್ದುದನ್ನು ಮೆಲ್ಲಗೆ ಹೇಳಿದೆ: "ಆಯಿ, ನನ್ನ ಸೊಂಟಾನ ಹಿಡದೈತಿ."

"ನಿಂದಾ? ಅಯ್ಯ ಶಿವನ! ದೇವರಿಗೇ ಜ್ವರಾ ಬಂದ್ರ ಹರಕಿ ಯಾರಿಗೆ ಹೊರೂದು?" ನಗುತ್ತ ಸೊಂಟ ಹಿಡಿದುಕೊಂಡಳು. "ನಗಸಬ್ಯಾಡ, ಕಳಕ ಹೊಡಿತೈತಿ. ಯಾರ ಮುಂದೂ ಹೇಳೂದಿಲ್ಲ ಬಿಡು. ಒದಿಬ್ಯಾಡ, ಬರೇ ಮುಟ್ಟಸು."

ಬಾಗಿಲು ಹಿಡಿದು ನಿಂತು ಹೆಬ್ಬೆರಳಿನ ತುದಿ ತಾಗಿಸಿದೆ. "ಹಾಂ, ಸಡ್ಲಾತು" ಎಂದು ಅರ್ಧ ನೆಟ್ಟಗಾಗಿ ಹೋದಳು. ಗುಣವಾದದ್ದು ಬೆರಳಿನಿಂದಲೋ ನಗುವಿನಿಂದಲೋ ತಿಳಿಯಲಿಲ್ಲ. ನನಗೆ ಮಾತ್ರ ಸಣ್ಣ ಹೊಟ್ಟೆಕಿಚ್ಚಾಯಿತು. ಊರಿನಲ್ಲಿ ಕಾಲು ಮುಂದಾಗಿ ಹುಟ್ಟಿದವಳು ನಾನೊಬ್ಬಳೇ.

ಮರುದಿನ ಬೆಳಿಗ್ಗೆ ಕೋಣೆಯ ಬಾಗಿಲು ಹಾಕಿ, ಚಾಪೆಯ ಮೇಲೆ ಬೋರಲು ಮಲಗಿ, ಡಾಕ್ಟರು ಹೇಳಿದಂತೆ ಮೊಣಕೈಯೂರಿ ಎದೆ ಎತ್ತಿದೆ, ಇಳಿಸಿದೆ. ಎಲ್ಲವನ್ನೂ ಶ್ರದ್ಧೆಯಿಂದ ಮುಗಿಸಿದ ಮೇಲೆ, ಯಾರೂ ಹೇಳದಿದ್ದರೂ, ಬಲಗಾಲನ್ನು ನಿಧಾನವಾಗಿ ಹಿಂದಕ್ಕೆ ಮಡಚಿ, ನೋವು ಹೊರಡುವ ಜಾಗಕ್ಕೆ ನನ್ನ ಹಿಮ್ಮಡಿಯಿಂದಲೇ ಒಮ್ಮೆ ಮೆಲ್ಲಗೆ ಒದ್ದುಕೊಂಡೆ.