ಎಲಾದಿಯೊನ ಹಿಂದಿನ ಸೀಟು

ಎಲಾದಿಯೊ ಮಾಡಿದ ತಪ್ಪು ಇಷ್ಟೇ: ಬೈಕನ್ನು ನಿಧಾನವಾಗಿ ಓಡಿಸಿದ.

ಬೇರೆ ಊರುಗಳಲ್ಲಿ ನಿಧಾನವಾಗಿ ಓಡಿಸುವವನನ್ನು ಜವಾಬ್ದಾರಿಯ ಮನುಷ್ಯ ಎನ್ನುತ್ತಾರಂತೆ. ನಮ್ಮ ನಾಗುವಾದಲ್ಲಿ ಹಾಗಲ್ಲ. ಇಲ್ಲಿ ರಸ್ತೆಯ ಅಂಚು ಹಿಡಿದು, ಎರಡೂ ಕಾಲು ಇಳಿಬಿಟ್ಟುಕೊಂಡು, ಅತ್ತಿತ್ತ ನೋಡುತ್ತಾ ತೆವಳುವ ಬೈಕಿಗೆ ಇರುವುದು ಒಂದೇ ಅರ್ಥ: ಹಿಂದಿನ ಸೀಟು ಖಾಲಿ ಇದೆ, ಹತ್ತಿಕೊಳ್ಳಿ. ಬಾಡಿಗೆ ಬೈಕಿನವರು ಗಿರಾಕಿ ಹುಡುಕುವುದೇ ಹೀಗೆ. ನಮ್ಮ ಜನ ಕೈ ಎತ್ತುವುದಿಲ್ಲ, ಓಡಿಸುವವನ ಮುಖವನ್ನೂ ನೋಡುವುದಿಲ್ಲ. ಹತ್ತಿ ಕೂತು, ಹೋಗಬೇಕಾದ ಜಾಗದ ಹೆಸರು ಹೇಳುತ್ತಾರೆ.

ಎಲಾದಿಯೊ ಕ್ಷೌರಿಕ. ಗಿರಾಕಿಯ ಗಂಟಲ ಮೇಲೆ ಕತ್ತಿ ಆಡಿಸುವಾಗ ಅವನ ಕೈ ಒಂದಿಷ್ಟೂ ಅಲುಗುವುದಿಲ್ಲ. ಅದೇ ಕೈ ಬೈಕಿನ ಹ್ಯಾಂಡಲ್ ಹಿಡಿದರೆ ಚಳಿಜ್ವರ ಬಂದ ಹಾಗೆ ನಡುಗುತ್ತದೆ. ಮತ್ತೆ ಬೈಕು ಯಾಕೆ ಕೊಂಡ ಪುಣ್ಯಾತ್ಮ ಎಂದರೆ, ಔಷಧಿ ಅಂಗಡಿಯ ನೋರಿಸ್‌ಗೋಸ್ಕರ. ಅವಳನ್ನು ನೋಡಲೆಂದೇ ಅವನು ವರ್ಷಗಟ್ಟಲೆ ಇಲ್ಲದ ತಲೆನೋವಿಗೆ ಮಾತ್ರೆ ಕೊಂಡಿದ್ದ. ಹೋದ ವಾರ ಹೇಗೋ ಧೈರ್ಯ ಬಂದು, ಭಾನುವಾರ ಸಂಜೆ ಸಮುದ್ರದ ದಂಡೆಗೆ ಹೋಗೋಣವೇ ಎಂದು ಕೇಳಿಬಿಟ್ಟ.

"ಹೆಂಗೆ ಹೋಗೋದು, ನಡ್ಕೊಂಡಾ?" ಎಂದಳು ನೋರಿಸ್. "ಆ ರದಾಮೆಸ್ ಕಾರಲ್ಲಿ ಬಾ ಅಂತ ಪ್ರಾಣ ತಿಂತಾ ಇದಾನೆ. ನಂಗೇನೋ ನಿನ್ ಜೊತೆ ಬರೋದೇ ಇಷ್ಟ ಕಣೋ. ಆದ್ರೆ ಊರೋರೆಲ್ಲ ನಿನ್ನ ಹೆದರುಪುಕ್ಲ ಅಂತಾರಲ್ಲ, ಅದು ಸುಳ್ಳು ಅಂತ ತೋರ್ಸು. ಐದು ಗಂಟೆಗೆ ಬೈಕ್ ತಗೊಂಡು ನಮ್ಮನೆ ಗೇಟಿಗೆ ಬಾ, ಹಿಂದೆ ಕೂತ್ಕೋತೀನಿ. ಬರ್ಲಿಲ್ವೋ, ರದಾಮೆಸ್ ಕಾರೇ ಗತಿ."

ರದಾಮೆಸ್‌ನ ಕಾರಿನಲ್ಲಿ ಕಾರಿಗಿಂತ ಸ್ಪೀಕರೇ ದೊಡ್ಡದು. ಅವನು ಹಾಡು ಹಾಕಿದರೆ ಬೀದಿಯ ಕೊನೆಯ ಮನೆಯ ಪಾತ್ರೆಗಳೂ ಕುಣಿಯುತ್ತವೆ. ಅಂಥವನಿಗೆ ನೋರಿಸ್‌ಳನ್ನು ಬಿಟ್ಟುಕೊಡುವುದೇ? ಎಲಾದಿಯೊ ಶನಿವಾರ ಸಂಜೆಯೇ ಸೋದರಸಂಬಂಧಿಯೊಬ್ಬನ ಹಳೆಯ ಕೆಂಪು ಬೈಕನ್ನು ಕೊಂಡ. ಊರಿನ ಅರ್ಧ ಜನರ ಹತ್ತಿರ ಇರುವಂಥದ್ದೇ ಬೈಕು. ಅದರ ಜೊತೆಗೆ ಕಪ್ಪು ಗಾಜಿನ ಒಂದು ದೊಡ್ಡ ಹೆಲ್ಮೆಟ್ಟೂ ಬಂತು. ಅದರೊಳಗೆ ತಲೆ ಇಟ್ಟರೆ ಕೊಡಪಾನದೊಳಗೆ ಇಟ್ಟಂತಾಗುತ್ತಿತ್ತು, ಆದರೂ ಜೀವ ದೊಡ್ಡದು ಎಂದು ಹಾಕಿಕೊಂಡ.

ಭಾನುವಾರ ಬೆಳಿಗ್ಗೆ ಅಭ್ಯಾಸಕ್ಕೆಂದು ಹೊರಟರೆ, ಮೂಲೆಯ ಬಾದಾಮಿ ಮರದ ಕೆಳಗೆ ಬಾಡಿಗೆ ಬೈಕಿನವರ ಸ್ಟ್ಯಾಂಡು. ಹಸಿರು ಜಾಕೆಟ್ಟಿನ ಏಳೆಂಟು ಜನ ಡಾಮಿನೋ ಆಡುತ್ತಾ ಕೂತಿದ್ದರು. ಅವರ ಯಜಮಾನ ಚಿಚೀ. ದಪ್ಪ ಮೀಸೆಯ, ಅದಕ್ಕಿಂತ ದಪ್ಪ ಗಂಟಲಿನ ಆಸಾಮಿ.

"ಲೋ ಎಲಾದಿಯೊ, ಕ್ಲಚ್ ಬಿಡೋ!" ಎಂದು ಕೂಗಿದ ಚಿಚೀ.

"ಬಿಡ್ಬೇಡ್ವೋ, ಹಿಡ್ಕೋ!" ಎಂದ ಪಕ್ಕದವನು.

"ಗಾಲಿ ಯಾಕೋ ನೋಡ್ತೀಯ, ಮುಂದೆ ನೋಡು!"

"ಮುಂದೆ ಆಮೇಲೆ ನೋಡ್ಲಿ, ಮೊದ್ಲು ಕಣ್ಣು ಬಿಡೋಕೆ ಹೇಳ್ರೋ ಅವನಿಗೆ!"

ಇಷ್ಟೂ ಸಲಹೆಗಳನ್ನು ಒಟ್ಟಿಗೇ ಪಾಲಿಸಲು ಹೋಗಿ ಎಲಾದಿಯೊ ಕಸದ ಡಬ್ಬಿಗೆ ಗುದ್ದಿದ. ಮರದ ಕೆಳಗೆ ನಗುವೋ ನಗು. ಅವನು ಮರ್ಯಾದೆ ಉಳಿಸಿಕೊಳ್ಳಲು ಪಕ್ಕದ ಬೀದಿಗೆ ತಿರುಗಿ, ಕಾಲು ಇಳಿಬಿಟ್ಟು, ಅಂಚು ಹಿಡಿದು ಮೆಲ್ಲಗೆ ಸಾಗಿದ. ಅಷ್ಟರಲ್ಲಿ ಹಿಂದಿನ ಸೀಟು ಕಿರ್ರೆಂದು ಕುಸಿಯಿತು.

ಹತ್ತಿದವರು ದೋನ್ಯ ಫೆಫಾ, ಅಂದರೆ ಫೆಫಾ ಅಮ್ಮನವರು. ಸಂಜೆ ದಂಡೆಯಲ್ಲಿ ಬಾಳೆಕಾಯಿ ಕರಿದು ಮಾರುವ, ಎರಡಾಳಿನ ತೂಕದ ಹೆಂಗಸು. ಕಂಕುಳಲ್ಲಿ ಒಂದು ಕೋಳಿ ಬೇರೆ.

"ಸಂತೆಗೆ ನಡಿ ಮಗ."

"ದೋನ್ಯ ಫೆಫಾ, ನಾನು ಬಾಡಿಗೆಯೋನಲ್ಲ! ನಾನು ಎಲಾದಿಯೊ, ಕ್ಷೌರದಂಗಡಿ..."

ಹೆಲ್ಮೆಟ್ಟಿನೊಳಗೆ ಹೇಳಿದ ಮಾತು ಹೊರಗೆ ಬರೀ ಗುಂಯ್ ಎಂದು ಕೇಳಿಸಿತು.

"ಏನ್ ಗೊಣಗ್ತೀಯ? ಚಿಚೀಗೆ ಹೇಳ್ಬೇಕಾ, ನಿಮ್ಮ ಹುಡುಗ ಗಿರಾಕಿ ಜೊತೆ ವಾದ ಮಾಡ್ತಾನೆ ಅಂತ? ಜಾಕೆಟ್ ಎಲ್ಲಿ? ಒಗೆಯೋಕೆ ಹಾಕಿದ್ದೀಯೇನೋ. ಹೂಂ, ಹೊರಡು, ಕೋಳಿಗೆ ಬಿಸಿಲು ತಾಗ್ತಾ ಇದೆ."

ಎಲಾದಿಯೊ ಹೊರಟ. ಹೊರಡದೆ ಬೇರೆ ದಾರಿ ಇರಲಿಲ್ಲ. ಅಷ್ಟು ಭಾರ ಹಿಂದೆ ಕೂತ ಮೇಲೆ ಬೈಕು ನಿಲ್ಲಿಸುವುದಕ್ಕೇ ಅವನಿಗೆ ಹೆಚ್ಚು ಭಯವಾಯಿತು. ದೋನ್ಯ ಫೆಫಾ ತಮ್ಮ ಎರಡನೇ ಅಳಿಯನ ಕತೆ ಶುರು ಮಾಡಿದರು. ಅವನು ಕುಡಿಯುವುದು, ಅವನ ತಾಯಿ ಅವನನ್ನು ವಹಿಸಿಕೊಳ್ಳುವುದು, ಅವನ ನಾಯಿ ಇವರ ಚಪ್ಪಲಿ ಕಚ್ಚಿಕೊಂಡು ಹೋಗಿದ್ದು. "ಕೇಳಿಸ್ಕೋತಾ ಇದ್ದೀಯಾ?" ಎಂದು ಪ್ರತಿ ತಿರುವಿನಲ್ಲೂ ಬೆನ್ನಿಗೊಂದು ಗುದ್ದು. ಗುದ್ದಿಗೆ ಹೆದರಿ ಹೂಂಗುಟ್ಟುವುದರಲ್ಲಿ ಎಲಾದಿಯೊ ಬೈಕಿಗೆ ಹೆದರುವುದನ್ನೇ ಮರೆತ. ನೋಡಿದರೆ ಸಂತೆ ಬಂದಿತ್ತು. ಮೀನಿನ ಗಾಡಿ, ಲಾರಿ, ಹಂದಿಮರಿ, ಎಲ್ಲದರ ನಡುವೆ ಅವನೇ ಓಡಿಸಿಕೊಂಡು ಬಂದಿದ್ದ. ಅವನಿಗೆ ನಂಬಲಿಕ್ಕಾಗಲಿಲ್ಲ.

ಆಮೇಲೆ ಕೇಳಬೇಕೆ? ನಿಧಾನ ಮಾಡಿದಲ್ಲೆಲ್ಲ ಜನ ಹತ್ತಿದರು. ಹಾಸಿಗೆ ಸುತ್ತಿ ತಲೆ ಮೇಲಿಟ್ಟುಕೊಂಡವನು ಹತ್ತಿದ. ಹುಟ್ಟುಹಬ್ಬದ ಕೇಕು ಹಿಡಿದವಳು, "ಕೆನೆಗೆ ಏನಾದ್ರೂ ಆದ್ರೆ ನಿನ್ನ ಸುಮ್ನೆ ಬಿಡಲ್ಲ" ಎನ್ನುತ್ತಾ ಹತ್ತಿದಳು. ಇಗರ್ಜಿಗೆ ಹೊರಟ ತಾಯಿಯೊಬ್ಬಳು ಮಕ್ಕಳ ಸಮೇತ ಹತ್ತಿದಳು. ಎಲಾದಿಯೊ ಬೇಡವೆನ್ನುವುದನ್ನು ಬಿಟ್ಟುಬಿಟ್ಟ. ಇವರೆಲ್ಲ ತನ್ನ ಗುರುಗಳು ಎಂದುಕೊಂಡ. ಮಧ್ಯಾಹ್ನದ ಹೊತ್ತಿಗೆ ಒಂದು ಕೈಯಲ್ಲಿ ಓಡಿಸುತ್ತಾ ಇನ್ನೊಂದು ಕೈಯಲ್ಲಿ ಹೆಲ್ಮೆಟ್ಟಿನ ಗಾಜು ಮೇಲೆತ್ತಿ ಬೆವರು ಒರೆಸಿಕೊಳ್ಳುತ್ತಿದ್ದ.

ಮೂರು ಗಂಟೆಗೆ ಸಂತೆಯ ಬಾಗಿಲಲ್ಲಿ ಮತ್ತೆ ದೋನ್ಯ ಫೆಫಾ ಹತ್ತಿದರು. ಈ ಸಲ ಕೋಳಿ ಇರಲಿಲ್ಲ, ಒಂದು ಗೊನೆ ಬಾಳೆಕಾಯಿ ಇತ್ತು. ಮೂಲೆಯ ಸ್ಟ್ಯಾಂಡಿನ ಮುಂದೆ ಹಾದುಹೋಗುವಾಗ ಚಿಚೀ ಡಾಮಿನೋ ಬಿಟ್ಟು ಎದ್ದು ನಿಂತ.

"ಎಲಾ ಇವನ! ಬೆಳಿಗ್ಗೆ ಕ್ಲಚ್ ಯಾವ್ದು ಅಂತ ಗೊತ್ತಿರ್ಲಿಲ್ಲ ಇವನಿಗೆ! ಹಿಡೀರ್ರೋ!"

ಹಿಂದೆ ಬೈಕುಗಳು ಗುರ್ರೆಂದವು. ಎಲಾದಿಯೊ ತಿರುಗಿ ನೋಡಿ ಹೆದರಿದ. ಆದರೆ ದೋನ್ಯ ಫೆಫಾಗೆ ಎಲ್ಲಿಲ್ಲದ ಹುರುಪು.

"ನಮ್ಮನ್ನ ಹಿಂದೆ ಹಾಕೋಕೆ ನೋಡ್ತಾ ಇದಾರೆ ಮಗ! ಬಿಡ್ಬೇಡ! ಎಡಕ್ಕೆ ಹೊಡಿ! ಚರಂಡಿ ಹಾರ್ಸು!"

ಎಡಕ್ಕೆ ಹೊಡೆದ. ಚರಂಡಿ ಹಾರಿಸಿದ. ಒಣಹಾಕಿದ್ದ ಬಟ್ಟೆಗಳ ಕೆಳಗೆ ತಲೆ ಬಗ್ಗಿಸಿ ನುಗ್ಗಿದ. ತೆಂಗಿನ ತೋಪಿನ ಮರಗಳ ನಡುವೆ ಹಾವಿನಂತೆ ಹರಿದ. "ದೂಳು ಕಣ್ಣಿಗೆ ಹೋಗುತ್ತಲ್ಲೋ" ಎಂದು ದೋನ್ಯ ಫೆಫಾ ಹಿಂದಿನಿಂದ ಕೈ ಚಾಚಿ, ಹೆಲ್ಮೆಟ್ಟಿನ ಕಪ್ಪು ಗಾಜನ್ನು ಪಟ್ಟನೆ ಬಡಿದು ಮುಚ್ಚಿದರು. ಒಳಗೆಲ್ಲೋ ಟಕ್ ಎಂದು ಸದ್ದಾಯಿತು. ಮತ್ತೆ ಅದು ತೆರೆಯಲಿಲ್ಲ.

ಮನೆ ಮುಂದೆ ಇಳಿದ ದೋನ್ಯ ಫೆಫಾ, "ದೇವರು ಚೆನ್ನಾಗಿಟ್ಟಿರ್ಲಿ" ಎಂದು ಹರಸಿ ಒಳಗೆ ಹೋದರು. ಹಸಿರು ಜಾಕೆಟ್ಟುಗಳು ಸುತ್ತಲೂ ಬಂದು ನಿಂತವು. ಚಿಚೀ ಬೈಕಿನ ಕೀ ಕಿತ್ತುಕೊಂಡ.

"ನಮ್ಮ ಹೊಟ್ಟೆ ಮೇಲೆ ಹೊಡೀತೀಯೇನೋ? ನಡಿ ಸ್ಟ್ಯಾಂಡಿಗೆ. ಪಂಚಾಯ್ತಿ ಆಗ್ಲಿ."

ಪಂಚಾಯ್ತಿ ಆಗಲಿಲ್ಲ. ಅರ್ಧಕ್ಕೆ ನಿಂತ ಡಾಮಿನೋ ಆಟ ಮುಗಿಯದೆ ಚಿಚೀ ಬೇರೆ ಮಾತೇ ಆಡುವವನಲ್ಲ. ಎಲಾದಿಯೊ ಪಕ್ಕದಲ್ಲಿ ನಿಂತು ಹೆಲ್ಮೆಟ್ಟಿನೊಳಗಿಂದಲೇ ಕೈಕಾಲು ಹಿಡಿದು ಬೇಡಿಕೊಂಡ. ಗಾಜು ಎಳೆದ, ಮೇಲೇಳಲಿಲ್ಲ. ಗದ್ದದ ಪಟ್ಟಿ ಎಳೆದ, ಅದೂ ಸಿಕ್ಕಿಕೊಂಡಿತ್ತು. ಇಗರ್ಜಿಯ ಗಂಟೆ ಐದು ಹೊಡೆದಾಗ ಅವನು ನಿಂತಲ್ಲೇ ಕುಪ್ಪಳಿಸಿದ.

"ನೋರಿಸ್ ಕಾಯ್ತಾ ಇದಾಳೆ ಚಿಚೀ ಅಣ್ಣಾ! ನನ್ನ ಬಾಳು ಹಾಳಾಗುತ್ತೆ!"

ಗುಂಯ್‌ಗುಟ್ಟಿದ್ದರಲ್ಲಿ ಹುಡುಗಿಯ ಹೆಸರು ಮಾತ್ರ ಚಿಚೀಗೆ ತಿಳಿಯಿತು. ಅವನ ಮೀಸೆಯಡಿ ನಗು ಬಂತು.

"ಹುಡುಗಿ ವಿಷ್ಯನಾ? ಮೊದ್ಲೇ ಹೇಳ್ಬಾರ್ದಾ! ನೋಡು, ಕಾನೂನು ಅಂದ್ರೆ ಕಾನೂನು. ಜನರನ್ನ ಕೂರಿಸ್ಕೊಂಡೋನು ಜಾಕೆಟ್ ಹಾಕ್ಲೇಬೇಕು, ಇವತ್ತು ಪೂರ್ತಿ. ಹಾಕ್ಕೋ, ಕೀ ತಗೋ, ಓಡು." ತಾನೇ ಒಂದು ಹಸಿರು ಜಾಕೆಟ್ ತೊಡಿಸಿ, ಬೆನ್ನಿನ ದಾರಗಳನ್ನು ಗಂಟು ಹಾಕಿದ. "ಚೆನ್ನಾಗಿ ಓಡಿಸ್ತೀಯ ಕಣೋ. ನಮ್ಮಲ್ಲೇ ಯಾರಿಗೂ ಆ ಚರಂಡಿ ಹಾರ್ಸೋಕಾಗ್ಲಿಲ್ಲ."

ಎಲಾದಿಯೊ ಗಾಳಿಯಂತೆ ಹೋದ. ನೋರಿಸ್ ಮನೆಯ ಬೀದಿಗೆ ತಿರುಗಿದ. ಅವಳು ಗೇಟಿನಲ್ಲಿ ನಿಂತಿದ್ದಳು, ಹಳದಿ ಲಂಗ, ಗಂಟು ಹಾಕಿದ ಹುಬ್ಬು. ಎಲಾದಿಯೊ ಬೈಕನ್ನು ರಸ್ತೆಯ ಅಂಚಿಗೆ ತಂದು, ಕಾಲು ಇಳಿಬಿಟ್ಟು, ನಿಧಾನ ಮಾಡಿದ.

ನೋರಿಸ್ ಹತ್ತಿ ಕೂತಳು. "ದಂಡೆಗೆ ನಡಿ" ಎಂದಳು, ಅಷ್ಟೇ.

ತಡವಾಗಿದ್ದಕ್ಕೆ ಸಿಟ್ಟು ಬಂದಿದೆ, ಪರವಾಗಿಲ್ಲ, ಹತ್ತಿದಳಲ್ಲ ಎಂದುಕೊಂಡ ಎಲಾದಿಯೊ. ಅವನು ತನ್ನ ಜನ್ಮದಲ್ಲಿ ಅಂಥ ಸುಖ ಕಂಡಿರಲಿಲ್ಲ. ಉಬ್ಬುಗಳನ್ನು ಸವರಿಕೊಂಡು ದಾಟಿದ. ಹೊಂಡಗಳನ್ನು ದೂರದಿಂದಲೇ ಕಂಡು ತಪ್ಪಿಸಿದ. ಲಂಗಕ್ಕೆ ಒಂದು ಹನಿ ಕೆಸರು ಹಾರದಂತೆ, ಅವಳ ಕೂದಲು ಚದುರದಂತೆ ಓಡಿಸಿದ. ಹೆದರುಪುಕ್ಲ ಎಂದವರೆಲ್ಲ ಬಂದು ನೋಡಲಿ ಎಂದು ಒಳಗೇ ಹಾಡಿಕೊಂಡ.

ದಂಡೆಯಲ್ಲಿ ನೋರಿಸ್ ಇಳಿದಳು. ಲಂಗ ಸರಿಮಾಡಿಕೊಂಡು, ಪರ್ಸಿನಿಂದ ಒಂದು ನೋಟು ತೆಗೆದು ಅವನ ಅಂಗೈಯಲ್ಲಿ ತುರುಕಿದಳು.

"ಚಿಲ್ಲರೆ ಇಟ್ಕೊಳಪ್ಪ. ಎಷ್ಟ್ ಚೆನ್ನಾಗಿ ಓಡಿಸ್ತೀಯ! ಉಯ್ಯಾಲೆ ಮೇಲೆ ಕೂತಂಗಿತ್ತು."

"ನೋರಿಸ್! ನಾನು ಕಣೇ, ನಾನು!" ಎಂದು ಕಿರುಚಿದ ಎಲಾದಿಯೊ.

"ಗುಂಯ್ ಅನ್ಬೇಡ, ಚಿಲ್ಲರೆ ಬೇಡ ಅಂದ್ನಲ್ಲ." ಅವಳ ಕಣ್ಣು ತುಂಬಿತ್ತು. "ಒಬ್ಬ ಬರ್ತೀನಿ ಅಂದಿದ್ದ, ಕ್ಷೌರದಂಗಡಿ ಎಲಾದಿಯೊ. ಆವಾಗಿಂದ ಗೇಟಲ್ಲೇ ಕಾದೆ. ಊರೋರು ಹೇಳಿದ್ದೇ ನಿಜ, ಬೈಕಿಗೆ ಹೆದರಿ ಮನೇಲಿ ಅಡಗಿ ಕೂತಿರ್ಬೇಕು. ಅವನಿಗೆ ನೀನಾದ್ರೂ ಸ್ವಲ್ಪ ಹೇಳ್ಕೊಡಬಾರ್ದಾ?"

ದಂಡೆಯಲ್ಲೇ ಕಾರು ನಿಲ್ಲಿಸಿಕೊಂಡಿದ್ದ ರದಾಮೆಸ್‌ನತ್ತ ಅವಳು ಹೋದಳು. ಎಲಾದಿಯೊ ಹೆಲ್ಮೆಟ್ಟಿನ ಜೊತೆ ಕುಸ್ತಿಗೆ ಬಿದ್ದ. ಎರಡೂ ಕೈಯಲ್ಲಿ ಎಳೆದ, ಬೈಕಿನ ಹ್ಯಾಂಡಲ್ಲಿಗೆ ಸಿಕ್ಕಿಸಿ ಜಗ್ಗಿದ, ಕೊನೆಗೆ ಪಟ್ಟಿ ಕಿತ್ತು ಹೆಲ್ಮೆಟ್ಟು ಅರ್ಧ ಕಿವಿಯ ಚರ್ಮದ ಸಮೇತ ಕಳಚಿತು. "ನೋರಿಸ್! ನಾನೇ ಎಲಾದಿಯೊ!" ಎಂದು ಕೂಗಿದ. ಅಷ್ಟು ಹೊತ್ತಿಗೆ ರದಾಮೆಸ್‌ನ ಕಾರಿನ ಬಾಗಿಲು ಮುಚ್ಚಿತ್ತು, ಹಾಡು ಶುರುವಾಗಿತ್ತು. ದಂಡೆಯ ಅಂಗಡಿಗಳ ತಟ್ಟೆಗಳೆಲ್ಲ ಕುಣಿದವು. ಆ ಗದ್ದಲದಲ್ಲಿ ಅವನ ಕೂಗು ಅವನಿಗೇ ಕೇಳಿಸಲಿಲ್ಲ.

ಅವನು ರಸ್ತೆಯ ಅಂಚಿನಲ್ಲಿ, ಹಸಿರು ಜಾಕೆಟ್ಟಿನಲ್ಲಿ, ಬೈಕಿನ ಮೇಲೆ ಕಾಲು ಇಳಿಬಿಟ್ಟುಕೊಂಡು ಕೂತುಬಿಟ್ಟ. ಹಿಂದಿನ ಸೀಟು ಕಿರ್ರೆಂದು ಕುಸಿಯಿತು.

"ಕರಿಯೋ ಎಣ್ಣೆ ಮುಗೀತು ಮಗ, ಮನೆಗೆ ನಡಿ" ಎಂದರು ದೋನ್ಯ ಫೆಫಾ. ಆಮೇಲೆ ಬಗ್ಗಿ ಮೊದಲ ಬಾರಿಗೆ ಅವನ ಮುಖ ನೋಡಿದರು. "ಅಯ್ಯೋ, ನೀನು ಕ್ಷೌರದಂಗಡಿ ಹುಡುಗ ಅಲ್ವೇನೋ! ಇಷ್ಟ್ ಚೆನ್ನಾಗಿ ಬೈಕ್ ಓಡಿಸ್ತೀಯ, ಈ ಹಿಂದಿನ ಸೀಟಲ್ಲಿ ಕೂರ್ಸೋಕೆ ಒಂದು ಹುಡುಗೀನ ನೋಡ್ಕೋಬಾರ್ದಾ?"