ಸರ್ವರಿಗೊಂದು ತಂಪು ಕೋಣೆ

ನನ್ನ ಜೀವನದ ದೊಡ್ಡ ನಿರ್ಧಾರಗಳೆಲ್ಲ ಸೆಖೆಯಲ್ಲಿ ಹುಟ್ಟಿದವು. ಮೈಸೂರಲ್ಲೇ ಇದ್ದಿದ್ದರೆ ಕೊಂಚ ವಿವೇಚನೆ ಉಳಿದಿರುತ್ತಿತ್ತೋ ಏನೋ. ತಮಿಳು ಸೀಮೆಯ ವಡಪಳನಿಯ ವಿಮಾ ಕಚೇರಿಗೆ ವರ್ಗವಾದ ಮೇಲೆ ನನ್ನ ಬುದ್ಧಿ ಫ್ಯಾನಿನ ಕೆಳಗೆ ಮಾತ್ರ ಓಡುತ್ತದೆ. ಕರೆಂಟು ಹೋದರೆ ಅದೂ ನಿಲ್ಲುತ್ತದೆ.

ತೊಂಬತ್ತರ ದಶಕದ ಕೊನೆಯ ಮಾತು. ನಮ್ಮ ನಾಲ್ಕು ಕಂಪ್ಯೂಟರುಗಳೂ ಗಾಜಿನ ಬಾಗಿಲಿನ ಕೋಣೆಯೊಂದರಲ್ಲಿದ್ದವು. ಇಡೀ ಕಚೇರಿಗಿದ್ದ ಒಂದೇ ಎ.ಸಿ. ಕೂಡ ಅಲ್ಲೇ. ಗರ್ಭಗುಡಿಗೆ ಹೋಗುವವರ ಹಾಗೆ ಚಪ್ಪಲಿ ಹೊರಗೆ ಬಿಟ್ಟು ಹೋಗಬೇಕು. ಮಳೆಗಾಲದಲ್ಲಿ ಆ ಬಾಗಿಲ ಮುಂದೆ ಒಂದೆರಡು ಜೊತೆ ಚಪ್ಪಲಿ ಇದ್ದರೆ ಹೆಚ್ಚು. ಮೇ ತಿಂಗಳಲ್ಲಿ ಮದುವೆಮನೆ! ಎಲ್ಲರಿಗೂ ಒಳಗೇ ಕೆಲಸ. ನಾನಂತೂ ಊಟದ ಡಬ್ಬಿಯನ್ನೂ ಫೈಲಿನ ಮರೆಯಲ್ಲಿ ಒಳಗೊಯ್ಯುತ್ತಿದ್ದೆ.

ಹೀಗಿರುವಾಗ ಕಂಪ್ಯೂಟರುಗಳನ್ನು ತಂತಿಯಿಂದ ಜೋಡಿಸಬೇಕೆಂದು ಮ್ಯಾನೇಜರ್ ವರದರಾಜನ್ ಹೊರಟರು. ಪೇಪರಿನ ಕಂಪ್ಯೂಟರ್ ಪುಟ ಓದುತ್ತೇನೆಂಬ ಒಂದೇ ತಪ್ಪಿಗೆ ನೆಟ್‌ವರ್ಕ್ ಸಾಫ್ಟ್‌ವೇರ್ ಆರಿಸುವ ಕೆಲಸ ನನ್ನ ತಲೆಗೆ ಬಿತ್ತು. ಇದ್ದದ್ದು ಎರಡು. ಮೊದಲನೆಯದರಲ್ಲಿ ಕಂಪ್ಯೂಟರುಗಳು ತಮ್ಮತಮ್ಮಲ್ಲೇ ಮಾತಾಡಿಕೊಳ್ಳುತ್ತವೆ, ನಾಲ್ಕನ್ನೂ ನಮ್ಮ ಮೇಜುಗಳ ಮೇಲೇ ಇಡಬಹುದು. "ಹಾಗಾದರೆ ಆ ಕೋಣೆ ಬೇಡ. ಎ.ಸಿ.ಯನ್ನು ನನ್ನ ಕ್ಯಾಬಿನ್ನಿಗೆ ಹಾಕಿಸಿಬಿಡೋಣ" ಎಂದರು ಮ್ಯಾನೇಜರ್. ನಾನು ಮೊದಲನೆಯದನ್ನು ಆ ಕ್ಷಣವೇ ಕೈಬಿಟ್ಟೆ. ಎರಡನೆಯದರಲ್ಲಿ ಒಂದು ಕಂಪ್ಯೂಟರು ಸರ್ವರ್ ಎಂಬ ಯಜಮಾನ. ಎಲ್ಲ ಫೈಲೂ ಅದರ ವಶ, ಅದನ್ನು ತಂಪಾಗಿಡಬೇಕು. ತಂಪು ಅಂದಮೇಲೆ ಅದನ್ನು ನೋಡಿಕೊಳ್ಳಲು ಯಾರಾದರೂ ಒಳಗಿರಬೇಕಲ್ಲ? ಆ ಯಾರಾದರೂ ಯಾರೆಂದು ನಾನು ಆಗಲೇ ತೀರ್ಮಾನಿಸಿದ್ದೆ.

ಎದುರು ಮೇಜಿನ ಪದ್ಮಾ ಕೋಲಾರದ ಕಡೆಯವರು, ಆದರೆ ಹುಟ್ಟಿ ಬೆಳೆದದ್ದೆಲ್ಲ ಇಲ್ಲೇ. "ಮೂರು ಮೆಷೀನಿಗೆ ಒಂದು ಯಜಮಾನ ಯಾಕೆ ಸಾರ್? ನಮ್ಮ ಆಫೀಸಿಗೆ ಮೊದಲನೇದೇ ಪೋದುಂ, ಸಾಕು" ಎಂದರು. "ನೀವು ಸುಮ್ನಿರಿ ಪದ್ಮಾ, ಇದು ಟೆಕ್ನಿಕಲ್ಲು" ಎಂದೆ.

ಮೀಟಿಂಗಿನಲ್ಲಿ ನಾನು ಮಾತಾಡಿದ್ದೇ ಮಾತಾಡಿದ್ದು. ಸರ್ವರಿಗೆ ಸೆಖೆ ಆಗದು, ಧೂಳು ಆಗದು, ಸಮುದ್ರದ ಉಪ್ಪುಗಾಳಿ ಆಗದು. ಹುಮ್ಮಸ್ಸು ಏರಿ, "ಮನುಷ್ಯರ ಉಸಿರಿನ ತೇವ ಕೂಡ ಒಳ್ಳೆಯದಲ್ಲ ಸಾರ್" ಎಂದೂ ಸೇರಿಸಿದೆ. ಇದನ್ನು ಯಾವ ಪುಟದಲ್ಲೂ ಓದಿದವನಲ್ಲ. ಮ್ಯಾನೇಜರ್ ಕರಗಿಹೋದರು. ನಾಲ್ಕರಲ್ಲಿ ಒಂದು ಸರ್ವರ್ ಆಗಿ ಕೋಣೆಯಲ್ಲೇ ಉಳಿಯಿತು, ಮಿಕ್ಕ ಮೂರೂ ಮೇಜುಗಳಿಗೆ ಹೋದವು. ಸಾಫ್ಟ್‌ವೇರ್ ಮಾರಿದವನು "ಇದನ್ನು ಮುಟ್ಟುವುದೇ ಬೇಡ, ತಾನಾಗೇ ನಡೆಯುತ್ತದೆ" ಎಂದು ಹೇಳಿ ಹೋದ, ಪಾಪಿ. ಮ್ಯಾನೇಜರ್ ಕೋಣೆಗೆ ಬೀಗ ಜಡಿದು ಕೀಲಿಯನ್ನು ಜೇಬಿಗಿಳಿಸಿದರು.

"ನೀವು ಹೇಳಿದ್ದು ನೂರಕ್ಕೆ ನೂರು ಸರಿ. ಇನ್ನು ಯಾರ ಉಸಿರೂ ಒಳಗೆ ಹೋಗಬಾರದು" ಎಂದರು.

"ನಾನು, ಸಾರ್?"

"ನೀವೂ ಉಸಿರಾಡುತ್ತೀರಲ್ಲ!"

ಕತ್ತರಿ ಎಂದು ಇಲ್ಲಿಯವರು ಕರೆಯುವ ಕಡುಬಿಸಿಲು ಶುರುವಾದ ದಿನ, ಹಳೆಯ ಅಭ್ಯಾಸದಿಂದ ಆ ಬಾಗಿಲ ಮುಂದೆ ಚಪ್ಪಲಿ ಬಿಟ್ಟೆ. ಒಳಗೆ ಸರ್ವರ್ ಒಂದೇ ಹಾಯಾಗಿ ಕುಳಿತಿತ್ತು. ಬರಿಗಾಲಲ್ಲಿ ನಿಂತು ಗಾಜಿಗೆ ಹಣೆ ಒತ್ತಿದೆ. ಹಿಂದಿನಿಂದ ಪದ್ಮಾ, "ದರ್ಶನ ಆಯ್ತಾ ಸಾರ್?" ಎಂದರು.

ಆಯಿತು ಎಂದೆ. ಗಾಜಾದರೂ ತಣ್ಣಗಿತ್ತು.