ಮಾಳಿಗೆ ಧೂಳಿನಲ್ಲಿ ಉಲ್ಕೆ ಹುಡುಕಿದ್ದು

ನಾವು ಮಾಡುವ ಕೆಲಸ ಏನೆಂದು ಒಂದೇ ಮಾತಿನಲ್ಲಿ ಹೇಳಲು ಬರದಿದ್ದರೆ ಊರಿನವರೇ ಅದಕ್ಕೊಂದು ಅರ್ಥ ಹಚ್ಚಿಬಿಡುತ್ತಾರೆ. ನನ್ನ ವಿಷಯದಲ್ಲಿ ಇದು ಮೂರು ವರ್ಷದಿಂದ ನಡೆದೇ ಇದೆ.

ನಾನು ಕಮಲಾಪುರದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್. ಮನೆ ಕಲಬುರಗಿಯ ಗಾಜಿಪುರದಲ್ಲಿ, ಓಡಾಟ ಬಸ್ಸಿನಲ್ಲಿ. ಇದರ ಜೊತೆಗೊಂದು ಹುಚ್ಚು, ಆಕಾಶದಿಂದ ಬೀಳುವ ಧೂಳು ಹುಡುಕುವುದು. ಉಲ್ಕೆ ಎಂದರೆ ಬಂಡೆಯೇ ಆಗಬೇಕಿಲ್ಲ. ಉಪ್ಪಿನ ಹರಳಿನಷ್ಟು ಸಣ್ಣ ಉಲ್ಕೆಗಳು ಸದ್ದಿಲ್ಲದೆ ಮಾಳಿಗೆಗಳ ಮೇಲೆ ಬೀಳುತ್ತಿರುತ್ತವೆ. ಮಾಳಿಗೆ ಗುಡಿಸಿ, ಧೂಳು ತೊಳೆದು ಒಣಗಿಸಿ, ಮೇಲೆ ಆಯಸ್ಕಾಂತ ಆಡಿಸಿದರೆ ಒಂದಿಷ್ಟು ಕರಿ ಪುಡಿ ಅಂಟುತ್ತದೆ. ಅದನ್ನು ಸೂಕ್ಷ್ಮದರ್ಶಕದಲ್ಲಿ ಕಾಳು ಕಾಳಾಗಿ ನೋಡಬೇಕು. ಅನುಮಾನ ಬಂದ ಕಾಳಿನ ಫೋಟೊ ತೆಗೆದು, ಇದನ್ನು ಬಲ್ಲ ಪ್ರಾಧ್ಯಾಪಕರೊಬ್ಬರಿಗೆ ಕಳಿಸುತ್ತಿದ್ದೆ. ಅವರು ಪ್ರತಿ ಸಲ ‘ಅಲ್ಲ’ ಎಂದು ಒಂದೇ ಶಬ್ದ ಬರೆಯುತ್ತಿದ್ದರು. ಸಾಯುವುದರೊಳಗೆ ಒಂದು ‘ಹೌದು’ ಬಂದರೆ ಸಾಕು ಎನ್ನುವಷ್ಟಕ್ಕೆ ನಾನು ಬಂದಿದ್ದೆ.

ಗುಣವಂತ ಸೊಸೆ

ನಮ್ಮ ಮಾಳಿಗೆ ಚಿಕ್ಕದು. ಅದರ ಧೂಳು ಒಂದೇ ವಾರದಲ್ಲಿ ಮುಗಿಯಿತು. ಪಕ್ಕದ ಮನೆಯವರನ್ನು ಕೇಳಿ ಅವರ ಮಾಳಿಗೆ ಹತ್ತಿದೆ. ಮೂಲೆ ಮೂಲೆಗೂ ಕೂತು, ಮೆತ್ತನೆ ಕುಂಚದಿಂದ ಗುಡಿಸಿ, ಧೂಳನ್ನೆಲ್ಲ ಚೀಲಕ್ಕೆ ತುಂಬಿಕೊಂಡು ಇಳಿದೆ. ಆ ಮನೆಯಾಕೆ ನೋಡುತ್ತ ನಿಂತಿದ್ದರು.

ಮೂರನೆಯ ದಿನ ಎದುರು ಮನೆಯಾಕೆ ಬಂದು ನಮ್ಮ ಅತ್ತೆಯ ಹತ್ತಿರ ಕೂತರು. “ನಿಮ್ಮ ಸೊಸಿ ಭಾಳ ಗುಣವಂತಿ ಬಿಡ್ರಿ. ಬಾಜೂ ಮನಿ ಮಾಳಿಗಿ ಕಸ ಹೊಡದು ಕನ್ನಡಿ ಮಾಡ್ಯಾಳಂತ. ನಮ್ದು ಶಂಡಿಗಿ ಹಾಕೋದದ. ನಾಳಿಗಿ ಬರ್ತಾಳೇನು ಕೇಳ್ರಿ” ಎಂದರು.

ಕೇಳದೆ ಮಾಳಿಗೆ ಸಿಕ್ಕಿತೆಂದು ನನಗೆ ಖುಷಿಯೇ ಆಯಿತು. ಬೇಸಿಗೆ ಮುಗಿಯುವುದರೊಳಗೆ ಓಣಿಯ ಅರ್ಧ ಮಾಳಿಗೆಗಳು ನನ್ನ ಕೈಯಿಂದ ಸ್ವಚ್ಛವಾದವು. ಯಾರದು ಮೊದಲು, ಯಾರದು ನಂತರ ಎಂದು ಪಾಳಿ ಹಚ್ಚುತ್ತಿದ್ದವರು ಅತ್ತೆ. ಕೊನೆಗೆ ಮನಸ್ಸು ತಡೆಯದೆ ಒಬ್ಬ ಅಜ್ಜಿಗೆ ಉಲ್ಕೆಯ ವಿಷಯವನ್ನೆಲ್ಲ ಬಿಡಿಸಿ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡರು. ಆಮೇಲೆ, “ಬಿದ್ದದ್ದೆಲ್ಲ ನೀವೇ ಒಯ್ರಿ ಅಕ್ಕೋರೆ. ಆ ಮೂಲ್ಯಾಗ ಪಾರಿವಾಳದ್ದು ಬಿದ್ದಾದ, ಅದನ್ನೂ ಬಿಡಬ್ಯಾಡ್ರಿ” ಎಂದರು.

ಕೆಲಸದ ಗುರುತು

ಆ ಧೂಳಿನಲ್ಲಿ ಹೊಳೆಯುವ ಗುಂಡು ಕಾಳುಗಳು ಬೇಕಾದಷ್ಟು ಸಿಕ್ಕವು. ಫೋಟೊ ಕಳಿಸಿದೆ. ‘ಅಲ್ಲ. ವೆಲ್ಡಿಂಗ್ ಕಿಡಿ’ ಎಂದು ಉತ್ತರ ಬಂತು. ಕಿಡಿ ಆರಿದ ಮೇಲೆ ಉಲ್ಕೆಯಂಥದೇ ಗುಂಡಾಗುತ್ತದಂತೆ. ಹಾಗಾದರೆ ಅಸಲಿ ಕಿಡಿ ಹೇಗಿರುತ್ತದೆ ನೋಡೋಣವೆಂದು ಮೋಮಿನಪುರದ ಒಂದು ವೆಲ್ಡಿಂಗ್ ಅಂಗಡಿಗೆ ಹೋಗಿ ನೆಲದ ಧೂಳು ಕೇಳಿದೆ. ಮಾಲೀಕರು ಹಿರಿಯರು. ನನ್ನ ಫೋನಿನಲ್ಲಿದ್ದ ಫೋಟೊಗಳನ್ನು ಕನ್ನಡಕ ಏರಿಸಿ ನೋಡಿದರು.

“ಇದು ನಮ್ದೇ ಮಾಲ್” ಎಂದರು ಮೊದಲನೆಯದಕ್ಕೆ. “ಇದೂ ನಮ್ದೇ.”

ಮೂರನೆಯ ಕಾಳಿಗೆ ಸಣ್ಣದೊಂದು ಬಾಲವಿತ್ತು. ನನ್ನ ಆಸೆಯೆಲ್ಲ ಅದರ ಮೇಲೆ. ಅವರು ತಲೆ ಅಲ್ಲಾಡಿಸಿದರು. “ಇದು ನಮ್ದಲ್ಲ. ಬಾಲ ಬಂದದ ನೋಡ್ರಿ. ನಮ್ಮ ಕೈಯಾಗ ಹಿಂಗ ಬರಂಗಿಲ್ಲ.”

“ಹಂಗಾದ್ರ ಮ್ಯಾಲಿಂದ ಬಿದ್ದದ್ದು ಇರಬಹುದೇನ್ರಿ? ಆಕಾಶದಿಂದ?” ಎಂದೆ.

ಅವರು ಫೋಟೊವನ್ನು ಮತ್ತೊಮ್ಮೆ ನೋಡಿ ಫೋನು ವಾಪಸು ಕೊಟ್ಟರು. “ಇರಬಹುದು ಬಿಡ್ರಿ. ಮ್ಯಾಲಿಂದೇ ಇರಲಿ, ಕೆಲಸ ಮಾತ್ರ ಸುಮಾರ್ ಅದ.”

ಚೀಲದ ಮಣ್ಣು

ಊರೊಳಗಿನ ಕಿಡಿಯ ಕಾಟವೇ ಬೇಡವೆಂದು ಕಮಲಾಪುರದ ನಮ್ಮ ಶಾಲೆಯ ಮಾಳಿಗೆ ಗುಡಿಸಿದೆ. ಧೂಳಿನ ಚೀಲ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕೂತೆ. ಪಕ್ಕದಲ್ಲಿ ಒಬ್ಬ ರೈತರು. “ಮಣ್ಣು ಪರೀಕ್ಷಾಕ್ಕ ಒಯ್ಲಾಕತ್ತೀರೇನ್ರಿ?” ಎಂದು ಕೇಳಿದರು. ಇದು ಹೊಲದ್ದಲ್ಲ, ಇದರೊಳಗೆ ಆಕಾಶದ ಮಣ್ಣೂ ಇದೆ ಎಂದೆ. ಅವರು ಚೀಲದೊಳಗೆ ಕೈ ಹಾಕಿ, ಒಂದು ಚಿಟಿಕೆ ತೆಗೆದು, ತಿಕ್ಕಿ, ಮೂಸಿ, ಮತ್ತೆ ಚೀಲಕ್ಕೇ ಉದುರಿಸಿದರು.

“ಇದರಾಗ ತೊಗರಿ ಬರಂಗಿಲ್ರಿ” ಎಂದು ಕಿಟಕಿಯ ಕಡೆ ತಿರುಗಿದರು.

ಹೆಡ್‌ಮಾಸ್ತರ ಊಟ

ಶಾಲೆಯ ಮಾಳಿಗೆ ಹತ್ತಲು ಅಪ್ಪಣೆ ಕೊಟ್ಟವರು ನಮ್ಮ ಹೆಡ್‌ಮಾಸ್ತರು. ಬಲು ಸಜ್ಜನರು. ಯಾರ ಮನೆಗೆ ಹೋದರೂ ಬಡಿಸಿದ್ದನ್ನು ಬೇಡ ಎನ್ನುವುದಿಲ್ಲ, ತಾಟಿನಲ್ಲಿ ಒಂದಗುಳು ಬಿಡುವುದಿಲ್ಲ.

ಶಾಲೆಯ ಧೂಳನ್ನು ತೊಳೆದು, ಬಿಸಿ ಹಂಚಿನ ಮೇಲೆ ಒಣಗಿಸಿ, ಆಯಸ್ಕಾಂತಕ್ಕೆ ಅಂಟಿದ ಕರಿ ಪುಡಿಯನ್ನು ಒಂದು ಸಣ್ಣ ಸ್ಟೀಲ್ ಡಬ್ಬಿಗೆ ಹಾಕಿದ್ದೆ. ತೇವ ಹಿಡಿಯಬಾರದೆಂದು ಡಬ್ಬಿ ಇಟ್ಟದ್ದು ಅಡುಗೆಮನೆಯಲ್ಲಿ, ಒಲೆಯ ಮೇಲಿನ ಹಲಗೆಯಲ್ಲಿ. ಒಂದು ಶನಿವಾರ ಬೆಳಿಗ್ಗೆ ಅದರದೊಂದು ಚಿಟಿಕೆ ನೋಡುತ್ತಿದ್ದಾಗ ಗುಂಡು ಕಾಳೊಂದು ಕಂಡಿತು. ಮೈತುಂಬ ಬಾಚಣಿಗೆ ಎಳೆದಂಥ ಗೆರೆ. ಫೋಟೊ ಕಳಿಸಿ, ಬಸ್ಸಿಗೆ ಹೊತ್ತಾಯಿತೆಂದು ಪುಡಿಯನ್ನೆಲ್ಲ ತಿರುಗಿ ಡಬ್ಬಿಗೇ ಸುರಿದು ಓಡಿದೆ.

ಭಾನುವಾರ ಬೆಳಿಗ್ಗೆ ಉತ್ತರ ಬಂತು. ‘ಹೌದು. ಆ ಕಾಳನ್ನು ಜೋಪಾನವಾಗಿ ತೆಗೆದಿಡಿ.’ ನಾಲ್ಕು ಸಲ ಓದಿದೆ. ಕಣ್ಣಲ್ಲಿ ನೀರು ಬಂತು, ಅದನ್ನು ಮುಚ್ಚಿಡುವುದೇನೂ ಇಲ್ಲ. ಮೊದಲು ಹೆಡ್‌ಮಾಸ್ತರಿಗೆ ಫೋನು ಮಾಡಿದೆ.

“ನಮ್ಮ ಸಾಲಿ ಮ್ಯಾಲ ಬಿದ್ದದ್ದಾ? ಈಗ ಬಂದೆ ಮೇಡಂ, ನನಗೂ ತೋರಸ್ರಿ” ಎಂದು ಕಮಲಾಪುರದಿಂದ ಬಸ್ಸು ಹತ್ತಿಯೇ ಬಿಟ್ಟರು. ಅವರೆದುರಿಗೇ ಕಾಳು ಆರಿಸಿ ತೋರಿಸಬೇಕೆಂದು ನಾನು ಡಬ್ಬಿ ಮುಟ್ಟಲಿಲ್ಲ.

ಅವರು ಬಂದಾಗ ನಾನು ಒಳಕೋಣೆಯಲ್ಲಿ ಸೂಕ್ಷ್ಮದರ್ಶಕದ ಗಾಜು ಒರೆಸುತ್ತಿದ್ದೆ. ಪರಊರಿಂದ ಬಂದವರನ್ನು ಊಟ ಹಾಕದೆ ಕೂರಿಸುವುದು ನಮ್ಮ ಅತ್ತೆಗೆ ಗೊತ್ತಿಲ್ಲ. ಜೋಳದ ರೊಟ್ಟಿ, ಪುಂಡಿ ಪಲ್ಯ, ಮೊಸರು, ಜೊತೆಗೆ ಕಾರೆಳ್ಳು ಹುರಿದು ಕುಟ್ಟಿದ ಹಿಂಡಿ. ಅತ್ತೆಯ ಆ ಕರಿ ಚಟ್ನಿಪುಡಿ ನಮ್ಮ ಓಣಿಯಲ್ಲೆಲ್ಲ ಹೆಸರಾದದ್ದು.

“ಇನ್ನೊಂದೀಟ ಹಿಂಡಿ ಹಾಕ್ಲೇನ್ರಿ ಮಾಸ್ತರ್?” ಎನ್ನುವುದು ಒಳಗೆ ಕೇಳಿಸುತ್ತಿತ್ತು.

“ಹಾಕ್ರಿ, ಹಾಕ್ರಿ.”

ಗಾಜು ಒರೆಸಿ ಮುಗಿಸಿ ಡಬ್ಬಿ ತರಲು ಅಡುಗೆಮನೆಗೆ ಹೋದೆ. ಹಲಗೆಯ ಮೇಲೆ ಒಂದೇ ಡಬ್ಬಿ ಇತ್ತು. ತೆರೆದರೆ ಕಾರೆಳ್ಳ ವಾಸನೆ ಘಮ್ಮೆಂದಿತು. ಹೊರಗೆ ಬಂದು ನೋಡಿದೆ. ನನ್ನ ಡಬ್ಬಿ ಹೆಡ್‌ಮಾಸ್ತರ ತಾಟಿನ ಪಕ್ಕದಲ್ಲಿತ್ತು. ಅದರೊಳಗೆ ಚಮಚ ಬಿಟ್ಟರೆ ಬೇರೇನೂ ಇರಲಿಲ್ಲ. ತಾಟನ್ನೂ ಅವರು ಕೊನೆಯ ತುತ್ತು ರೊಟ್ಟಿಯಿಂದ ಒರೆಸಿ ಮುಗಿಸಿದ್ದರು.

“ಸರ್, ಹಿಂಡಿ ಹ್ಯಾಂಗಿತ್ರಿ?” ಎಂದೆ.

“ಛಲೋ ಅದ್ರಿ ಮೇಡಂ. ಹಲ್ಲಿಗಿ ಸ್ವಲ್ಪ ಕೆಲಸ ಅದ, ಅಷ್ಟೇ. ನಡೀರಿ, ಉಲ್ಕಾ ತೋರಸ್ರಿ.”

ಇನ್ನು ಹೇಳದೆ ಗತಿ ಇರಲಿಲ್ಲ. ಅತ್ತೆ ಮಜ್ಜಿಗೆ ತರಲು ಒಳಗೆ ಹೋದದ್ದು ನೋಡಿ, ಸಣ್ಣ ದನಿಯಲ್ಲಿ ಎಲ್ಲವನ್ನೂ ಹೇಳಿದೆ. ಅವರು ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡರು. ಬೈಯಲಿಲ್ಲ. ಮೆಲ್ಲಗೆ ಕೇಳಿದರು, “ಅದು ಎಷ್ಟು ಹಳೇದಿರಬಹುದ್ರಿ, ಮೇಡಂ?”

“ಸುಮಾರು ನಾಕನೂರೈವತ್ತು ಕೋಟಿ ವರ್ಷ ಆಗಿರ್ತಾವ್ರಿ ಸರ್” ಎಂದೆ.

ಅಷ್ಟರಲ್ಲಿ ಮಜ್ಜಿಗೆ ಲೋಟ ಹಿಡಿದು ಬಂದ ಅತ್ತೆ ಬಾಗಿಲಲ್ಲೇ ನಿಂತರು.

“ಉಂಡವರಿಗಿ ಹಂಗೆಲ್ಲ ಹೇಳಿ ಯಾಕ ಹೆದರಸ್ತಿ? ಹಿಂಡಿ ನಾ ಮೊನ್ನಿ ಸೋಮವಾರ ಕುಟ್ಟೀನಿ.”